ಅಧಿಕೃತ ಪತ್ರದ ಚೌಕಟ್ಟು

ಒಂದು ಸಂಸ್ಥೆಯಿಂದ ಹೊರಟ ಪತ್ರವು ನಮ್ಮ ಕೈಸೇರಿದಾಗ, ಅದರ ಒಕ್ಕಣೆಯನ್ನು ಓದುವುದಕ್ಕೆ ಮೊದಲೇ, ಅದು ಎಲ್ಲಿಂದ ಬಂದಿತು, ಯಾವ ಅಧಿಕಾರದಿಂದ ಬಂದಿತು, ಯಾವ ದಿನದ್ದು, ಯಾವ ಹಿಂದಿನ ಪತ್ರಕ್ಕೆ ಉತ್ತರವಾದದ್ದು ಎಂಬಿಷ್ಟನ್ನು ಕಣ್ಣು ತಾನಾಗಿಯೇ ಗ್ರಹಿಸಿಬಿಟ್ಟಿರುತ್ತದೆ. ಮೇಲ್ಭಾಗದ ಲಾಂಛನ, ಅದರ ಕೆಳಗಿನ ಹೆಸರು ವಿಳಾಸಗಳು, ಒಂದು ಬದಿಯಲ್ಲಿ ಕಡತದ ಸಂಖ್ಯೆ, ಇನ್ನೊಂದು ಬದಿಯಲ್ಲಿ ದಿನಾಂಕ, ‘ಇವರಿಂದ’, ‘ಇವರಿಗೆ’, ‘ವಿಷಯ’, ‘ಉಲ್ಲೇಖ’ ಎಂಬ ಸಣ್ಣ ಸಣ್ಣ ತಲೆಬರಹಗಳು, ಕಡೆಯಲ್ಲಿ ‘ತಮ್ಮ ವಿಶ್ವಾಸಿ’ ಎಂಬ ಮಾತಿನ ಕೆಳಗೆ ರುಜು, ರುಜುವಿನ ಕೆಳಗೆ ಪದನಾಮ, ಪಕ್ಕದಲ್ಲಿ ಮೊಹರು: ಇವುಗಳಲ್ಲಿ ಒಂದಾದರೂ ಆ ಪತ್ರವನ್ನು ಬರೆದ ಗುಮಾಸ್ತನ ಬುದ್ಧಿಯಿಂದ ಆ ದಿನ ಹುಟ್ಟಿದ್ದಲ್ಲ. ಮನೆಯ ಪತ್ರಗಳಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು. ಮೇಲೆ ‘ಶ್ರೀ’, ಒಂದು ಮೂಲೆಯಲ್ಲಿ ‘ಕ್ಷೇಮ’, ಬಳಿಕ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರಗಳು, ಕಿರಿಯರಿಗೆ ಆಶೀರ್ವಾದಗಳು, ‘ಉಭಯಕುಶಲೋಪರಿ’ ಎಂಬ ಹೊಸ್ತಿಲನ್ನು ದಾಟಿದ ಮೇಲೆಯೇ ಹೇಳಬೇಕಾದ ಸಂಗತಿ. ಪತ್ರವೊಂದರಲ್ಲಿ ಯಾವುದು ಸ್ಥಿರವಾಗಿರತಕ್ಕದ್ದು, ಯಾವುದು ಸಂದರ್ಭಕ್ಕೆ ತಕ್ಕಂತೆ ಮಾರ್ಪಡತಕ್ಕದ್ದು ಎಂಬ ವಿಭಾಗವನ್ನು ಮುಂಚಿತವಾಗಿ ಯಾರೋ ಕುಳಿತು ನಿಶ್ಚಯಿಸಿರುತ್ತಾರೆ. ಆ ನಿಶ್ಚಯಕ್ಕೆ ಒಂದು ದೀರ್ಘವಾದ ಚರಿತ್ರೆಯುಂಟು. ಸಂಸ್ಥೆಯ ಶೀಲವು ಅದರ ಪತ್ರದ ಒಡಲಿಗಿಂತ ಹೆಚ್ಚಾಗಿ ಈ ಚೌಕಟ್ಟಿನಲ್ಲಿಯೇ ತೋರುತ್ತದೆಂದು ನನ್ನ ನಂಬಿಕೆಯಾದ್ದರಿಂದ, ಆ ಚರಿತ್ರೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕೆಂದಿದ್ದೇನೆ.

ನಮ್ಮ ದೇಶದಲ್ಲಿ ರಾಜಪತ್ರದ ಸ್ವರೂಪವನ್ನು ಶಾಸ್ತ್ರೀಯವಾಗಿ ವಿಚಾರಮಾಡಿದ ಪ್ರಾಚೀನ ಗ್ರಂಥಗಳಲ್ಲಿ ಕೌಟಲ್ಯನ ಅರ್ಥಶಾಸ್ತ್ರವು ಮುಖ್ಯವಾದುದು. ಶತಮಾನಗಳ ಕಾಲ ಹೆಸರುಮಾತ್ರದಿಂದ ಉಳಿದಿದ್ದ ಆ ಗ್ರಂಥವು ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದ ತಾಳೆಯೋಲೆಯ ಪ್ರತಿಯೊಂದರಿಂದ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಮೈಸೂರಿನಲ್ಲಿಯೇ ಅಚ್ಚಾಯಿತೆಂಬುದು ಕನ್ನಡನಾಡಿಗೆ ಸಂದ ಗೌರವ. ಅದರ ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯವು ಸಂಪೂರ್ಣವಾಗಿ ಶಾಸನಗಳ ರಚನೆಗೆ ಮೀಸಲಾಗಿದೆ. ಲೇಖಕನಾಗತಕ್ಕವನು ಅಮಾತ್ಯನ ಗುಣಗಳನ್ನೆಲ್ಲ ಉಳ್ಳವನಾಗಿರಬೇಕು, ಶೀಘ್ರವಾಗಿ ವಾಕ್ಯರಚನೆ ಮಾಡಬಲ್ಲವನಾಗಿರಬೇಕು, ಅವನ ಅಕ್ಷರಗಳು ಸುಂದರವಾಗಿರಬೇಕು, ಪರರು ಬರೆದುದನ್ನು ಓದಬಲ್ಲ ಸಾಮರ್ಥ್ಯವೂ ಇರಬೇಕು ಎಂದು ಮೊದಲು ವಿಧಿಸಿ, ಪತ್ರವನ್ನು ಪಡೆಯುವವನು ಪ್ರಭುವಾಗಿದ್ದರೆ ಅವನ ದೇಶ, ಐಶ್ವರ್ಯ, ವಂಶ, ನಾಮಧೇಯಗಳನ್ನೂ, ಪ್ರಭುವಲ್ಲದವನಾದರೆ ದೇಶ ನಾಮಧೇಯಗಳನ್ನು ಮಾತ್ರವೂ ಉಪಚಾರಪೂರ್ವಕವಾಗಿ ನಿರ್ದೇಶಿಸಬೇಕೆಂದು ಹೇಳುತ್ತದೆ. ಈಗಿನ ಕಚೇರಿಯ ‘ಇವರಿಗೆ’ ಎಂಬ ಭಾಗದಲ್ಲಿ ಹೆಸರು, ಪದವಿ, ಇಲಾಖೆ, ಊರು ಎಂಬ ಕ್ರಮವನ್ನು ನಾವು ಪಾಲಿಸುತ್ತಿರುವುದು ಈ ಜಾತಿಯ ವಿವೇಕವನ್ನೇ.

ಆ ಅಧ್ಯಾಯದಲ್ಲಿ ಪತ್ರದ ಗುಣಗಳು ಆರು: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ದೋಷಗಳು ಐದು: ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ. ಗುಣಗಳ ಪಟ್ಟಿ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಪರಿಚಿತವೆನಿಸಬಹುದು. ನನ್ನನ್ನು ಹೆಚ್ಚಾಗಿ ಆಕರ್ಷಿಸುವುದು ದೋಷಗಳಲ್ಲಿ ಮೊದಲನೆಯದು ಮತ್ತು ಕಡೆಯದು. ಕಪ್ಪಿಟ್ಟ ಎಲೆ, ಅಂದವಿಲ್ಲದ, ಏರುಪೇರಾದ, ಬಣ್ಣಗೆಟ್ಟ ಅಕ್ಷರಗಳು, ಇವು ಅಕಾಂತಿ. ವಿರಾಮವಿಲ್ಲದಿರಬೇಕಾದ ಕಡೆ ವಾಕ್ಯಸಮೂಹವನ್ನು ಒಡೆಯುವುದು, ಒಡೆಯಬೇಕಾದ ಕಡೆ ಒಡೆಯದಿರುವುದು, ಹೀಗೆ ಗುಣಗಳನ್ನು ತಲೆಕೆಳಗುಮಾಡುವುದು ಸಂಪ್ಲವ. ಇವೆರಡೂ ಅರ್ಥಕ್ಕೆ ಸಂಬಂಧಿಸಿದ ದೋಷಗಳಲ್ಲ, ಭಾಷೆಗೆ ಸಂಬಂಧಿಸಿದವೂ ಅಲ್ಲ. ಹಾಳೆಯ ಮೇಲೆ ಅಕ್ಷರವು ಕುಳಿತುಕೊಳ್ಳುವ ಬಗೆಗೆ ಸಂಬಂಧಿಸಿದವು. ಸಾಮ್ರಾಜ್ಯದ ಸಂಧಿವಿಗ್ರಹಗಳೆಲ್ಲ ಪತ್ರಮೂಲವಾದವೆಂದು ಬಲ್ಲ ಶಾಸ್ತ್ರಕಾರನು, ಎಲೆಯ ಮಲಿನತೆಯನ್ನೂ ಪಂಕ್ತಿಗಳ ವೈಷಮ್ಯವನ್ನೂ ಪರಸ್ಪರವಿರೋಧದಂತಹ ಮಹಾದೋಷದ ಸಾಲಿನಲ್ಲಿಯೇ ನಿಲ್ಲಿಸಿದನೆಂಬುದನ್ನು, ಪತ್ರದ ಬಾಹ್ಯರೂಪವು ಕೇವಲ ಶೃಂಗಾರವೆಂದು ಭಾವಿಸುವವರು ನೆನೆಯಬೇಕು.

ಕೌಟಲ್ಯನಲ್ಲಿ ಲಕ್ಷಣವುಂಟು, ಮಾದರಿಯಿಲ್ಲ. ಹೆಸರನ್ನು ತುಂಬಿದರೆ ಪತ್ರ ಸಿದ್ಧವಾಗುವಂಥ ಮಾದರಿಯ ವಾಕ್ಯವನ್ನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕಾಣುತ್ತೇವೆ. ಸಾಲದ ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಇಬ್ಬರ ಹೆಸರು, ಜಾತಿ, ಗೋತ್ರ, ತಂದೆಯ ಹೆಸರು, ಇವೆಲ್ಲ ಇರಬೇಕೆಂದು ಹೇಳಿ, ಸಾಲಗಾರನು ತನ್ನ ಕೈಯಿಂದಲೇ ಕೆಳಗೆ ಬರೆಯಬೇಕಾದ ಸಮ್ಮತಿಯನ್ನೂ, ಬರೆದುಕೊಟ್ಟವನು ಕೊನೆಯಲ್ಲಿ ಬರೆಯಬೇಕಾದ ಮಾತನ್ನೂ ಸ್ಮೃತಿಕಾರನು ಕೊಡುತ್ತಾನೆ. ಅಲ್ಲಿ ಹೆಸರು ಬರಬೇಕಾದೆಡೆಯಲ್ಲೆಲ್ಲ ‘ಅಮುಕ’ ಎಂದು ಇಟ್ಟಿದ್ದಾನೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಇದ್ದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಎಂದರೆ ಈಗಿನ ಬಸವಕಲ್ಯಾಣದಲ್ಲಿ. ಲೇಖ್ಯವು ರಾಜಶಾಸನವೆಂದೂ ಜಾನಪದವೆಂದೂ ಎರಡು ಬಗೆ, ಜಾನಪದವು ಸ್ವಹಸ್ತಕೃತ ಅನ್ಯಕೃತವೆಂದು ಮತ್ತೆ ಎರಡು ಬಗೆ ಎಂದು ಅವನು ವಿಭಾಗಿಸುತ್ತಾನೆ. ಯುರೋಪಿನಲ್ಲಿ ಏಳನೆಯ ಶತಮಾನದ ಫ್ರಾಂಕರ ನಾಡಿನಲ್ಲಿ ಮಾರ್ಕುಲ್ಫನೆಂಬ ವೃದ್ಧಸನ್ಯಾಸಿಯು ರಾಜಪತ್ರಗಳ ಮತ್ತು ಊರವರ ಪತ್ರಗಳ ಮಾದರಿಗಳನ್ನು ಬೇರೆಬೇರೆಯಾಗಿ ಎರಡು ಭಾಗಗಳಲ್ಲಿ ಸಂಗ್ರಹಿಸಿ, ಹೆಸರಿನ ಸ್ಥಾನದಲ್ಲಿ ‘ಆತನು’ ಎಂಬರ್ಥದ ಲ್ಯಾಟಿನ್ ಸರ್ವನಾಮವನ್ನು ಇಟ್ಟನು. ಪರಸ್ಪರ ಪರಿಚಯವಿಲ್ಲದ ಎರಡು ಸಮಾಜಗಳು ಒಂದೇ ಬಗೆಯ ಖಾಲಿ ಸ್ಥಾನವನ್ನು ಕಂಡುಕೊಂಡವು.

ಗುಜರಾತಿನಲ್ಲಿ ಸಂಗ್ರಹವಾದ ‘ಲೇಖಪದ್ಧತಿ’ಯೆಂಬ ಪುಸ್ತಕವೂ ಈ ಜಾತಿಯದೇ, ೧೯೨೫ರಲ್ಲಿ ಬರೋಡೆಯ ಗ್ರಂಥಮಾಲೆಯಲ್ಲಿ ಅದು ಅಚ್ಚಾಯಿತು. ಭೂದಾನ, ಅಡಮಾನ, ಕ್ರಯ, ಅಧಿಕಾರಿಗೆ ಕಳುಹಿಸುವ ಆಜ್ಞೆ, ತಂದೆಗೆ ಮಗನ ಪತ್ರ ಮೊದಲಾದವುಗಳ ಮಾದರಿಗಳ ನಡುವೆ, ಇಬ್ಬರು ಅರಸರ ಸಂಧಿಪತ್ರ ಹೇಗಿರಬೇಕೆಂಬುದಕ್ಕೆ ಉದಾಹರಣೆಯಾಗಿ ದೇವಗಿರಿಯ ಸೇವುಣ ಸಿಂಘಣನಿಗೂ ಗುಜರಾತಿನ ಲವಣಪ್ರಸಾದನಿಗೂ ಆದ ಒಪ್ಪಂದ ಅದರಲ್ಲಿದೆ. ಸಿಂಘಣನ ಕನ್ನಡ ಶಾಸನಗಳು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅನೇಕವಾಗಿವೆ; ಅವನ ಹೆಸರು ಮಾದರಿ ಪತ್ರವೊಂದರಲ್ಲಿ ಹೀಗೆ ಉಳಿಯಬಹುದೆಂದು ಅವನು ಎಣಿಸಿರಲಾರನು.

ಆದರೆ ಚೌಕಟ್ಟಿನ ಮಹಿಮೆಯನ್ನು ಕಣ್ಣಾರೆ ಕಾಣಬೇಕಾದರೆ ತಾಮ್ರಶಾಸನಗಳನ್ನು ನೋಡಬೇಕು. ಬಾದಾಮಿಯ ಚಾಲುಕ್ಯರ ತಾಮ್ರಪಟಗಳು ವರಾಹಮೂರ್ತಿಯ ಸ್ತುತಿಯಿಂದ ಮೊದಲಾಗಿ, ಮಾನವ್ಯಗೋತ್ರ, ಹಾರಿತಿಯ ಸಂತತಿ, ಸಪ್ತಮಾತೃಕೆಯರ ಪೋಷಣೆ, ಕಾರ್ತಿಕೇಯನ ರಕ್ಷಣೆ, ನಾರಾಯಣನ ಪ್ರಸಾದದಿಂದ ದೊರೆತ ವರಾಹಲಾಂಛನ ಎಂಬ ಅದೇ ಮಾತುಗಳ ಸರಣಿಯಲ್ಲಿ ಸಾಗುತ್ತವೆ. ಒಬ್ಬ ಅರಸನು ತೀರಿಕೊಂಡು ಇನ್ನೊಬ್ಬನು ಪಟ್ಟಕ್ಕೆ ಬಂದಾಗ ಹಳೆಯ ಭಾಗಕ್ಕೆ ಒಂದು ಹೆಸರು, ಒಂದು ವಿಜಯ, ಒಂದು ಬಿರುದು ಸೇರುತ್ತದೆ. ಉಳಿದುದು ಹಾಗೆಯೇ ನಿಲ್ಲುತ್ತದೆ. ಆಂಧ್ರದೇಶದ ವೆಂಗಿಯಲ್ಲಿ ಪ್ರತ್ಯೇಕವಾಗಿ ರಾಜ್ಯಸ್ಥಾಪನೆ ಮಾಡಿದ ಅದೇ ವಂಶದ ಶಾಖೆಯವರು ಮೂಲಮನೆಯ ಈ ಪೀಠಿಕೆಯನ್ನು ತಮ್ಮೊಡನೆ ಕೊಂಡೊಯ್ದು, ತಮ್ಮ ವಂಶಾವಳಿಯನ್ನು ಅದಕ್ಕೆ ಜೋಡಿಸಿಕೊಂಡರು. ಮಾದರಿಯೊಂದನ್ನು ಇನ್ನೊಂದು ಸಂಸ್ಥೆಯು ತನ್ನದಾಗಿ ಅಳವಡಿಸಿಕೊಳ್ಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ವಿಜಯನಗರದ ಅರಸರ ಕಾಲಕ್ಕೆ ಈ ಪದ್ಧತಿ ಪರಿಪಕ್ವವಾಯಿತು. ನಂದಿನಾಗರಿ ಲಿಪಿಯಲ್ಲಿ ಸಂಸ್ಕೃತ ಶ್ಲೋಕಗಳಾಗಿ ಕೊರೆಯಲ್ಪಟ್ಟ ಆ ಶಾಸನಗಳಲ್ಲಿ ಶಂಭುವಿನ, ವರಾಹನ, ಗಣಪತಿಯ ಸ್ತುತಿ, ಚಂದ್ರನಿಂದ ಇಳಿದುಬಂದ ವಂಶ, ಅರಸನ ಪರಾಕ್ರಮ, ಶಕವರ್ಷ ಮತ್ತು ತಿಥಿ, ದಾನಪಡೆದವರ ಗೋತ್ರ ಸೂತ್ರ ಶಾಖೆಗಳು, ಗ್ರಾಮ, ಅದರ ಎಲ್ಲೆ, ದಾನವನ್ನು ಕೆಡಿಸುವವರಿಗೆ ಬರುವ ಪಾಪ, ಇಷ್ಟೂ ಗೊತ್ತಾದ ಕ್ರಮದಲ್ಲಿ ಬರುತ್ತವೆ. ಕೃಷ್ಣದೇವರಾಯ ಅಚ್ಯುತರಾಯರ ಶಾಸನಗಳಲ್ಲಿ ಶ್ಲೋಕಗಳನ್ನು ರಚಿಸಿದವನು ಸಭಾಪತಿಯೆಂದೂ, ಕೊರೆದವನು ಮಲ್ಲಣನ ಮಗನಾದ ವೀರಣಾಚಾರ್ಯನೆಂದೂ ಮತ್ತೆ ಮತ್ತೆ ಕಾಣುವುದರಿಂದ, ಆಸ್ಥಾನದಲ್ಲಿ ಇದಕ್ಕೆಂದೇ ನಿಯತರಾದವರಿದ್ದರೆಂದು ತಿಳಿಯಬಹುದು. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಸ್ತುತಿ ಪ್ರಶಸ್ತಿಗಳೆಲ್ಲ ಸಂಸ್ಕೃತದಲ್ಲಿ ಸಾಗಿ, ಗ್ರಾಮದ ಎಲ್ಲೆಯನ್ನು ಹೇಳುವ ಸ್ಥಳ ಬಂದೊಡನೆ ಅನೇಕ ಶಾಸನಗಳು ದೇಶಭಾಷೆಗೆ ತಿರುಗುತ್ತವೆ: ಯಾವ ಹಳ್ಳ, ಯಾವ ಹುಣಿಸೆಯ ಮರ, ಯಾವ ನೆಟ್ಟ ಕಲ್ಲು ಎಂಬುದನ್ನು ಆ ಊರಿನ ಒಕ್ಕಲು ಆಡುವ ಮಾತಿನಲ್ಲಿಯೇ ಬರೆದಿರುತ್ತದೆ. ಸ್ಥಿರವಾದ ಭಾಗವು ರಾಜ್ಯಕ್ಕೆಲ್ಲ ಒಂದೇ. ಮಾರ್ಪಡುವ ಭಾಗವು ಆಯಾ ಊರಿನದು. ಕಟ್ಟಕಡೆಗೆ, ಮೇಲಿನದೆಲ್ಲ ನಂದಿನಾಗರಿಯಲ್ಲಿದ್ದರೂ, ‘ಶ್ರೀ ವಿರೂಪಾಕ್ಷ’ ಎಂಬ ರಾಜನ ಒಪ್ಪವು ದೊಡ್ಡ ಕನ್ನಡ ಅಕ್ಷರಗಳಲ್ಲಿರುತ್ತದೆ.

ಚೌಕಟ್ಟು ಹೀಗೆ ಸ್ಥಿರವಾಗಿದ್ದುದರಿಂದ ಒಂದು ಪ್ರಯೋಜನವಾಯಿತು. ಕೃತ್ರಿಮಪತ್ರಗಳನ್ನು ಹಿಡಿಯುವುದು ಸಾಧ್ಯವಾಯಿತು. ಫ್ರಾನ್ಸಿನ ಮಾಬಿಯೋನ್ ಎಂಬ ಸನ್ಯಾಸಿವಿದ್ವಾಂಸನು ೧೬೮೧ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪತ್ರಪರೀಕ್ಷೆಯು ಒಂದು ಶಾಸ್ತ್ರವಾಗಿ ನಿಂತಿತು. ನಮ್ಮಲ್ಲಿ ಜೆ. ಎಫ್. ಫ್ಲೀಟರು ಲಿಪಿ, ಭಾಷೆ, ಕಾಲನಿರ್ದೇಶ, ವಂಶಾವಳಿಗಳ ಆಧಾರದಿಂದ ಗಂಗರ ತಾಮ್ರಪಟಗಳನೇಕವನ್ನು ಕೃತ್ರಿಮವೆಂದು ತಳ್ಳಿಹಾಕಿದರು, ಬಿ. ಎಲ್. ರೈಸರು ಅವುಗಳ ಪ್ರಾಮಾಣ್ಯವನ್ನು ಸಮರ್ಥಿಸಿದರು. ಕರ್ಣಾಟಕದ ಪ್ರಾಚೀನ ಚರಿತ್ರೆಯ ಒಂದು ಭಾಗವೇ ಈ ವಾದದ ಮೇಲೆ ನಿಂತಿತ್ತು. ಅಕ್ಷರದ ಆಕಾರವೂ ಬಿರುದುಗಳ ಕ್ರಮವೂ ಸಾಕ್ಷಿಗಳಾಗಿ ಕಟಕಟೆಯೇರಬೇಕಾಯಿತು.

ಮುದ್ರಣವು ಬಂದಾಗ ಅದು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಖಾಲಿ ಜಾಗಗಳುಳ್ಳ ಪತ್ರವನ್ನು ಅಚ್ಚುಹಾಕುವುದು. ಜರ್ಮನಿಯ ಮೈಂಜ್ ನಗರದಲ್ಲಿ ಮೊಳೆಗಳಿಂದ ಅಚ್ಚಾಗಿ ದಿನಾಂಕವನ್ನು ಹೊತ್ತಿರುವ ಅತಿ ಹಳೆಯ ಹಾಳೆಗಳೆಂದರೆ ೧೪೫೪ರ ಪಾಪವಿಮೋಚನ ಪತ್ರಗಳು. ಸೈಪ್ರಸ್ ದ್ವೀಪದ ರಕ್ಷಣೆಗಾಗಿ ದ್ರವ್ಯ ಕೊಟ್ಟವರಿಗೆ ಧರ್ಮಪೀಠದ ಹೆಸರಿನಲ್ಲಿ ಅವು ಸಲ್ಲುತ್ತಿದ್ದವು. ಒಕ್ಕಣೆಯೆಲ್ಲ ಅಚ್ಚಿನಲ್ಲಿದ್ದು, ಕೊಟ್ಟವನ ಹೆಸರು, ಊರು, ದಿನಗಳಿಗೆ ಬಿಟ್ಟ ಸ್ಥಳವನ್ನು ಲೇಖನಿಯಿಂದ ತುಂಬುತ್ತಿದ್ದರು. ಮಹಾಗ್ರಂಥಗಳ ಮುದ್ರಣವನ್ನು ಕೊಂಡಾಡುವಾಗ ನಾವು ಈ ಅಲ್ಪ ಹಾಳೆಯನ್ನು ಮರೆಯುತ್ತೇವೆ. ಮುಂದೆ ಕಚೇರಿಗಳು ಹೆಸರು ಲಾಂಛನಗಳನ್ನು ಮಾತ್ರ ಮೇಲ್ಭಾಗದಲ್ಲಿ ಅಚ್ಚುಹಾಕಿಸಿ, ಉಳಿದ ಹಾಳೆಯನ್ನು ಬರೆಯುವವನಿಗೆ ಬಿಟ್ಟವು. ಲೆಟರ್‌ಹೆಡ್ ಎಂದು ನಾವು ಕರೆಯುವುದು ಇದನ್ನೇ. ಮೈಸೂರು ಸಂಸ್ಥಾನದ ಗಂಡಭೇರುಂಡವು, ಅರಸೊತ್ತಿಗೆ ಕಳೆದು ಏಕೀಕರಣವಾಗಿ ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮೇಲೆಯೂ, ಸರ್ಕಾರದ ಪತ್ರಗಳ ಶಿರೋಭಾಗದಲ್ಲಿ ಉಳಿದುಬಂದಿದೆ.

ಹಾಳೆಯ ತಲೆಯನ್ನು ಮಾತ್ರವಲ್ಲದೆ ಹಾಳೆಯನ್ನೆಲ್ಲ ಅಳತೆಗೆ ತಂದ ಕೀರ್ತಿ ಜರ್ಮನಿಗೆ ಸಲ್ಲತಕ್ಕದ್ದು. ಉದ್ದ ಅಗಲಗಳ ಪ್ರಮಾಣವು ಎರಡರ ವರ್ಗಮೂಲದಷ್ಟಿದ್ದರೆ ಹಾಳೆಯನ್ನು ಅರ್ಧಕ್ಕೆ ಮಡಿಸಿದಾಗಲೂ ಅದೇ ಪ್ರಮಾಣ ಉಳಿಯುತ್ತದೆಂಬ ಅಂಶವನ್ನು ಲಿಖ್ಟೆನ್‌ಬರ್ಗ್ ಎಂಬ ವಿಜ್ಞಾನಿಯು ೧೭೮೬ರಲ್ಲಿ ಗೆಳೆಯನಿಗೆ ಬರೆದ ಒಂದು ಪತ್ರದಲ್ಲಿ ಸೂಚಿಸಿದ್ದನು. ೧೯೨೨ರಲ್ಲಿ ವಾಲ್ಟರ್ ಪೋರ್ಸ್ಟ್‌ಮನ್ನನ ಶ್ರಮದಿಂದ ಅದು ಡಿಐಎನ್ ೪೭೬ ಎಂಬ ರಾಷ್ಟ್ರೀಯ ಮಾನಕವಾಯಿತು. ೨೧೦ ಮಿಲಿಮೀಟರ್ ಅಗಲ, ೨೯೭ ಮಿಲಿಮೀಟರ್ ಉದ್ದದ ಎ-೪ ಹಾಳೆಯು ಇಂದು ನಮ್ಮ ಪ್ರತಿಯೊಂದು ಪಂಚಾಯಿತಿ ಕಚೇರಿಯಲ್ಲಿಯೂ ಇದೆ. ಅದೇ ದಶಕದಲ್ಲಿ ವ್ಯವಹಾರಪತ್ರದ ವಿನ್ಯಾಸಕ್ಕೂ ಡಿಐಎನ್ ೬೭೬ ಎಂಬ ಮಾನಕ ಬಂದಿತು. ಕಿಟಕಿಯುಳ್ಳ ಲಕೋಟೆಗೆ ೧೯೦೨ರಲ್ಲಿಯೇ ಅಮೆರಿಕದಲ್ಲಿ ಕ್ಯಾಲಹನ್ ಎಂಬವನು ಹಕ್ಕುಪತ್ರ ಪಡೆದಿದ್ದನು. ಕಿಟಕಿಯಿಂದ ವಿಳಾಸವು ಕಾಣಬೇಕಾದರೆ ಹಾಳೆಯ ಮೇಲೆ ಅದರ ಸ್ಥಳ ಅಲುಗಬಾರದು. ಎಡ ಅಂಚಿನಿಂದ ೨೦ ಮಿಲಿಮೀಟರ್ ಬಿಟ್ಟು ೮೫ ಅಗಲ ೪೫ ಎತ್ತರದ ಕ್ಷೇತ್ರ ವಿಳಾಸಕ್ಕೆ ಮೀಸಲು. ತಲೆಭಾಗಕ್ಕೆ ೨೭ ಮಿಲಿಮೀಟರ್ ಬಿಡುವುದು ಒಂದು ರೂಪ, ೪೫ ಬಿಡುವುದು ಇನ್ನೊಂದು. ಮಡಿಕೆಯ ಗುರುತುಗಳು ಮೊದಲನೆಯದರಲ್ಲಿ ಮೇಲಿನಿಂದ ೮೭ ಮತ್ತು ೧೯೨ರಲ್ಲಿ, ಎರಡನೆಯದರಲ್ಲಿ ೧೦೫ ಮತ್ತು ೨೧೦ರಲ್ಲಿ. ಕಡತಕ್ಕೆ ಸೇರಿಸಲು ತೂತುಹಾಕುವ ಗುರುತು ಸರಿಮಧ್ಯದಲ್ಲಿ, ೧೪೮.೫ರಲ್ಲಿ. ಈ ಸಂಖ್ಯೆಗಳನ್ನು ಶುಷ್ಕವೆನ್ನಲು ನನಗೆ ಮನಸ್ಸಾಗದು. ಬರೆಯುವವನು, ಮಡಿಸುವವನು, ಹಂಚುವ ಅಂಚೆಯವನು, ಕಡತದಲ್ಲಿಡುವವನು, ಈ ನಾಲ್ವರ ಕೈಕೆಲಸವನ್ನೂ ಮೊದಲೇ ಯೋಚಿಸಿ ಗೌರವಿಸಿದ ಸಂಖ್ಯೆಗಳು ಅವು.

ಆ ಮಾನಕಗಳನ್ನು ಕಲೆಯವರು ದ್ವೇಷಿಸಲಿಲ್ಲವೆಂಬುದು ವಿಶೇಷ. ೧೯೨೫ರಲ್ಲಿ ಬೌಹೌಸ್ ಎಂಬ ಶಿಲ್ಪಶಾಲೆಯು ಡೆಸ್ಸಾವಿಗೆ ವರ್ಗವಾದಾಗ ಹರ್ಬರ್ಟ್ ಬಾಯರ್ ಅದರ ಪತ್ರದ ಹಾಳೆಯನ್ನು ಮಾನಕದ ಅಳತೆಗೇ ರಚಿಸಿ, ಜರ್ಮನ್ ಭಾಷೆಯಲ್ಲಿ ಪ್ರತಿ ನಾಮಪದಕ್ಕೂ ತೊಡಿಸುವ ದೊಡ್ಡ ಅಕ್ಷರವನ್ನು ಪೂರ್ಣವಾಗಿ ಬಿಟ್ಟುಬಿಟ್ಟನು. ಅದರಿಂದ ಕಾಲ ಉಳಿಯುತ್ತದೆಂಬ ಕಾರಣವನ್ನು ಹಾಳೆಯ ಮೇಲೆಯೇ ಅಚ್ಚುಹಾಕಿಸಿದನು. ಯಾನ್ ಚಿಹೋಲ್ಡನು ೧೯೨೮ರ ತನ್ನ ಗ್ರಂಥದಲ್ಲಿ ಮಾನಕದ ಪತ್ರವಿನ್ಯಾಸವನ್ನು ಅಕ್ಷರಜೋಡಣೆಗಾರರಿಗೆ ಪಾಠವಾಗಿ ಇಟ್ಟನು.

ಬೆರಳಚ್ಚು ಯಂತ್ರದ ಕಾಲದಲ್ಲಿ ತಲೆಭಾಗವು ಅಚ್ಚುಮನೆಯದೂ ಒಡಲು ಬೆರಳಚ್ಚುಗಾರರದೂ ಆಗಿತ್ತು. ಆ ಎರಡನ್ನೂ ಒಂದೇ ಕೈಗೆ ತಂದದ್ದು ಗಣಕಯಂತ್ರ. ಅದರಲ್ಲಿಯೂ ಅಚ್ಚುಮನೆಯ ಶಿಸ್ತನ್ನು ಉಳಿಸಿಕೊಂಡು ತಂದದ್ದು ಟೆಕ್ ಎಂಬ ಅಕ್ಷರಜೋಡಣೆಯ ಕ್ರಮ. ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕ ಡೊನಾಲ್ಡ್ ಕನೂತರು ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ೧೯೭೭ರಲ್ಲಿ ಕಂಡು, ಮೊದಲ ಆವೃತ್ತಿಯ ಮೊಳೆಗಳ ಅಂದವು ಹಾಳಾದುದಕ್ಕೆ ನೊಂದು, ತಾವೇ ಒಂದು ಕ್ರಮವನ್ನು ರಚಿಸತೊಡಗಿದರು. ಅಂಗುಲದಲ್ಲಿ ೭೨.೨೭ ಪಾಯಿಂಟುಗಳು, ಒಂದು ಪಾಯಿಂಟಿನಲ್ಲಿ ೬೫,೫೩೬ ಸೂಕ್ಷ್ಮಭಾಗಗಳು, ಹೀಗಿದೆ ಅದರ ಅಳತೆ. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟರು ೧೯೮೦ರ ದಶಕದಲ್ಲಿ ಕಟ್ಟಿದ ಲೇಟೆಕ್‌ನಲ್ಲಿ, ಬರೆಯುವವನು ಅಕ್ಷರದ ಗಾತ್ರವನ್ನು ಹೇಳಬೇಕಾಗಿಲ್ಲ. ಇದು ವಿಳಾಸ, ಇದು ಸಂಬೋಧನೆ, ಇದು ಮುಕ್ತಾಯ, ಇದು ಲಗತ್ತು ಎಂದು ಹೇಳಿದರೆ ಸಾಕು. ಅದರ ಮೂಲ ಪತ್ರವರ್ಗದಲ್ಲಿ ಕಳುಹಿಸುವವನು ತನ್ನ ವಿಳಾಸವನ್ನು ಕೊಡದೆ ಬಿಟ್ಟರೆ, ಪತ್ರವು ಸಂಸ್ಥೆಯ ಅಚ್ಚಾದ ಲೆಟರ್‌ಹೆಡ್ಡಿಗೆ ಹೋಗುವುದೆಂದು ತಿಳಿದು ಅದಕ್ಕೆ ತಕ್ಕಂತೆ ವಿನ್ಯಾಸವಾಗುತ್ತದೆ. ಅಂದಿನ ಲೆಟರ್‌ಹೆಡ್ ಇನ್ನೂ ಕಾಗದದ ಮೇಲೆಯೇ ಇತ್ತು.

ಆ ವರ್ಗವು ಅಮೆರಿಕದ ರೂಢಿಗೆ ಹೊಂದಿದ್ದುದರಿಂದ ಜರ್ಮನರಿಗೆ ತೃಪ್ತಿಯಾಗಲಿಲ್ಲ. ಫ್ರಾಂಕ್ ನಾಯ್‌ಕಾಮ್ ಎಂಬವರು ಚಿಹೋಲ್ಡನ ತತ್ತ್ವಗಳನ್ನು ಅನುಸರಿಸಿ ರಚಿಸಿದ್ದ ಮಾದರಿಗಳನ್ನು ಮಾರ್ಕುಸ್ ಕೋಮ್ ಅವರು ೧೯೯೪ರಲ್ಲಿ ಹೊಸ ಲೇಟೆಕ್‌ಗೆ ತಂದು ಕೋಮಾ-ಸ್ಕ್ರಿಪ್ಟ್ ಎಂದು ಹೆಸರಿಟ್ಟರು. ಅದರ ಪತ್ರವರ್ಗವು ಈಗಿನ ಶತಮಾನದ ಆರಂಭದಲ್ಲಿ ಪುನಾರಚಿತವಾದಾಗ ಬಂದ ಏರ್ಪಾಡು ನಮ್ಮ ವಿಷಯಕ್ಕೆ ಅತ್ಯಂತ ಪ್ರಕೃತವಾದುದು. ಪತ್ರಕ್ಕೆ ಸಂಬಂಧಿಸಿದ ನಿಶ್ಚಯಗಳನ್ನೆಲ್ಲ ‘ಎಲ್‌ಸಿಒ’ ಎಂಬ ಬಾಲಾಕ್ಷರಗಳುಳ್ಳ ಪ್ರತ್ಯೇಕ ಫೈಲಿನಲ್ಲಿ ಬರೆದಿಡಬಹುದು. ಜರ್ಮನಿಯ ಮಾನಕಕ್ಕೆ, ಸ್ವಿಟ್ಜರ್ಲೆಂಡಿಗೆ, ಫ್ರಾನ್ಸಿಗೆ, ಜಪಾನಿನ ಲಕೋಟೆಗಳಿಗೆ ತಕ್ಕವು ಸಿದ್ಧವಾಗಿಯೇ ಇವೆ. ಸಂಸ್ಥೆಯು ಇವುಗಳಲ್ಲಿ ಒಂದನ್ನು ಬುಡವಾಗಿ ಹಿಡಿದು, ಅದರ ಮೇಲೆ ತನ್ನ ಹೆಸರು, ಲಾಂಛನ, ವರ್ಣ, ಅಡಿಭಾಗದ ಬ್ಯಾಂಕು ದೂರವಾಣಿಗಳ ವಿವರವನ್ನುಳ್ಳ ಸ್ವಂತ ಫೈಲನ್ನು ಬರೆಯುತ್ತದೆ. ಅದರ ಮೇಲೆ ಒಂದೊಂದು ವಿಭಾಗವು ತನ್ನ ವಿಳಾಸವನ್ನು, ಒಬ್ಬೊಬ್ಬ ಅಧಿಕಾರಿಯು ತನ್ನ ಹೆಸರು ಪದನಾಮಗಳನ್ನು ಪೇರಿಸಬಹುದು. ಎಲ್ಲಕ್ಕೂ ಮೇಲೆ ಅಂದಿನ ಪತ್ರ ಬರುತ್ತದೆ. ಮೇಲಿನ ಪದರವು ಕೆಳಗಿನದನ್ನು ಬೇಕಾದಲ್ಲಿ ತಿದ್ದುತ್ತದೆ, ಉಳಿದುದನ್ನು ಆನುವಂಶಿಕವಾಗಿ ಪಡೆಯುತ್ತದೆ. ಹಳೆಯ ವಂಶಾವಳಿಗೆ ಹೊಸ ಅರಸನ ಹೆಸರನ್ನು ಜೋಡಿಸುತ್ತಿದ್ದ ಚಾಲುಕ್ಯರ ಲೇಖಕನಿಗೆ ಈ ವ್ಯವಸ್ಥೆ ತಟ್ಟನೆ ಅರ್ಥವಾಗುತ್ತಿತ್ತು.

ಇಂಥ ಫೈಲನ್ನು ಬರೆಯಲು ಕುಳಿತವನು ಮೊದಲು ಎದುರಿಸುವುದು ಅಳತೆಯ ಪ್ರಶ್ನೆಯನ್ನಲ್ಲ, ಅಧಿಕಾರದ ಪ್ರಶ್ನೆಯನ್ನು. ಲಾಂಛನ ಒಂದೇ ಇರಬೇಕೆ, ಮಾತೃಸಂಸ್ಥೆಯದೂ ಪಕ್ಕದಲ್ಲಿ ಬರಬೇಕೆ? ಕುಲಪತಿಯ ಹೆಸರು ತಲೆಯಲ್ಲಿ ನಿಲ್ಲಬೇಕೆ, ಅಥವಾ ಪದವಿ ಮಾತ್ರ ನಿಂತು ಹೆಸರು ರುಜುವಿನ ಕೆಳಗೆ ಬರಬೇಕೆ? ಕನ್ನಡ ಮೇಲೆಯೋ ಇಂಗ್ಲಿಷ್ ಮೇಲೆಯೋ? ಇವುಗಳನ್ನು ಮಾದರಿ ಬರೆಯುವವನು ತಾನೇ ತೀರ್ಮಾನಿಸಲಾರನು, ತೀರ್ಮಾನಿಸಲೂ ಬಾರದು. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಎಷ್ಟೋ ಪತ್ರಗಳ ತಲೆಭಾಗವು ಲಾಂಛನಗಳು, ಮಾನ್ಯತಾಮುದ್ರೆಗಳು, ಸ್ಥಾಪಕರ ಚಿತ್ರ, ನಾಲ್ಕಾರು ದೂರವಾಣಿ ಸಂಖ್ಯೆಗಳು ಇವುಗಳಿಂದ ಹಾಳೆಯ ಕಾಲುಭಾಗವನ್ನು ನುಂಗಿರುವುದನ್ನು ನೋಡಿ ನನಗೆ ಖೇದವಾಗುತ್ತದೆ. ವಿಜಯನಗರದ ರಾಯರ ಒಪ್ಪಕ್ಕೆ ಒಂದೇ ದೇವರ ಹೆಸರು ಸಾಕಾಗಿತ್ತು.

ಕನ್ನಡಕ್ಕೆ ಈ ಮಾದರಿಗಳನ್ನು ಹೊಂದಿಸುವಾಗ ಬೇರೆ ತೊಡಕುಗಳಿವೆ. ಟೆಕ್‌ನ ಮೊದಲ ಅಕ್ಷರಸಂಪುಟಗಳಲ್ಲಿ ೧೨೮ ರೂಪಗಳಿಗೆ, ಬಳಿಕ ೨೫೬ಕ್ಕೆ ಮಾತ್ರ ಸ್ಥಳವಿದ್ದುದರಿಂದ ನಮ್ಮ ಕಾಗುಣಿತ ಒತ್ತಕ್ಷರಗಳನ್ನು ಉಪಾಯದಿಂದ ಹೊಂದಿಸಬೇಕಾಗುತ್ತಿತ್ತು. ಜಾನಥನ್ ಕ್ಯೂ ಅವರು ೨೦೦೪ರಲ್ಲಿ ಹೊರತಂದ ಜೀಟೆಕ್‌ನಿಂದ ಯೂನಿಕೋಡಿನ ಕನ್ನಡವನ್ನು ನೇರವಾಗಿ ಬರೆದು ಜೋಡಿಸುವ ದಾರಿ ತೆರೆಯಿತು. ಆದರೂ ಲ್ಯಾಟಿನ್ ಲಿಪಿಗೆಂದು ನಿಗದಿಯಾದ ಪಂಕ್ತಿಯ ಅಂತರವು ಕನ್ನಡಕ್ಕೆ ಸಾಲದು. ‘ರಾಷ್ಟ್ರೀಯ’ದಂಥ ಶಬ್ದದ ಒತ್ತುಗಳು ಕೆಳಕ್ಕೆ ಇಳಿದು, ಕೆಳಗಿನ ಪಂಕ್ತಿಯ ಗುಡಿಸು ಮೇಲಕ್ಕೆ ಏರಿ ಹತ್ತಿರವಾದಾಗ, ಟೆಕ್ ಆ ಎರಡು ಪಂಕ್ತಿಗಳನ್ನು ಮಾತ್ರ ಒಂದಿಷ್ಟು ದೂರ ಸರಿಸುತ್ತದೆ; ಉಳಿದ ಪಂಕ್ತಿಗಳ ನಡುವಣ ಅಂತರ ಮೊದಲಿನಂತೆಯೇ ಇರುತ್ತದೆ; ಪರಿಣಾಮವಾಗಿ ಹಾಳೆಯ ಮೇಲೆ ಪಂಕ್ತಿಗಳು ಏರುಪೇರಾಗಿ ಕಾಣುತ್ತವೆ. ಕೌಟಲ್ಯನು ಅಕಾಂತಿಯೆಂದು ಹೆಸರಿಸಿದ ದೋಷಕ್ಕೆ ಇದಕ್ಕಿಂತ ಹತ್ತಿರವಾದುದು ಇನ್ನೊಂದಿಲ್ಲ. ಪಂಕ್ತಿಯಂತರವನ್ನು ಮಾದರಿಯಲ್ಲಿಯೇ ಅತಿ ಎತ್ತರದ ಮತ್ತು ಅತಿ ಆಳದ ಅಕ್ಷರಗಳಿಗೆ ಸಾಲುವಷ್ಟು ಹಿಗ್ಗಿಸಿಡುವುದೇ ಪರಿಹಾರ. ಹಾಗೆ ಹಿಗ್ಗಿಸಿದರೆ ೪೫ ಮಿಲಿಮೀಟರಿನ ವಿಳಾಸಕ್ಷೇತ್ರದಲ್ಲಿ ಹಿಡಿಯುವ ಪಂಕ್ತಿಗಳು ಕಡಮೆಯಾಗುತ್ತವೆ. ನಮ್ಮ ಪದನಾಮಗಳೋ, ‘ಸರ್ಕಾರದ ಅಪರ ಮುಖ್ಯ ಕಾರ್ಯದರ್ಶಿಗಳು’ ಎಂಬಂತೆ, ನೀಳವಾದುವು. ಆದ್ದರಿಂದ ವಿಳಾಸಕ್ಕೆ ಒಂದು ಪಾಯಿಂಟು ಚಿಕ್ಕ ಅಕ್ಷರವನ್ನು ಗೊತ್ತುಮಾಡಬೇಕು. ಕಿಟಕಿಯಿಲ್ಲದ ಲಕೋಟೆಯನ್ನೇ ಬಳಸುವ ಕಚೇರಿಯಾದರೆ ಕ್ಷೇತ್ರವನ್ನೇ ದೊಡ್ಡದು ಮಾಡಬಹುದು. ‘ವಿಷಯ’, ‘ಉಲ್ಲೇಖ’ಗಳ ಮುಂದಿನ ಒಕ್ಕಣೆ ಎರಡನೆಯ ಪಂಕ್ತಿಗೆ ಇಳಿದಾಗ ಅದು ತಲೆಬರಹದ ಕೆಳಗೆ ನುಸುಳದೆ ತನ್ನ ಪಂಕ್ತಿಯ ನೇರಕ್ಕೇ ನಿಲ್ಲುವಂತೆ ಮಾಡುವುದೂ ಮಾದರಿಯ ಕರ್ತವ್ಯವೇ.

ಇನ್ನೊಂದು ವಿಚಾರವನ್ನು ಅಳವಡಿಸುವವರು ಬಹಳವಾಗಿ ಉಪೇಕ್ಷಿಸುತ್ತಾರೆ. ತಾಮ್ರದ ಮೇಲೆ ಕೊರೆದುದು ಕೊರೆದಂತೆಯೇ ಇರುತ್ತದೆ. ಗಣಕಯಂತ್ರದ ಪತ್ರವು ಹಾಗಲ್ಲ. ಪತ್ರದ ಮೂಲವನ್ನು ಮಾತ್ರ ಇಟ್ಟುಕೊಂಡು ಐದು ವರ್ಷಗಳ ಮೇಲೆ ಅದನ್ನು ಮತ್ತೆ ಜೋಡಿಸಿದರೆ, ಈ ನಡುವೆ ಸಂಸ್ಥೆಯ ಫೈಲಿನಲ್ಲಿ ಲಾಂಛನವೂ ವಿಳಾಸವೂ ಬದಲಾಗಿರುವುದರಿಂದ, ಹಳೆಯ ದಿನಾಂಕದ ಕೆಳಗೆ ಹೊಸ ತಲೆಭಾಗವುಳ್ಳ, ಎಂದೂ ಯಾರಿಗೂ ಕಳುಹಿಸದ ಪತ್ರವೊಂದು ಹೊರಬರುತ್ತದೆ. ಫ್ಲೀಟರಂಥವರು ಕೃತ್ರಿಮವೆಂದು ತಳ್ಳಿಹಾಕುವುದಕ್ಕೆ ಯೋಗ್ಯವಾದ ವಸ್ತುವನ್ನು ಪ್ರಾಮಾಣಿಕವಾದ ಕಚೇರಿಯೇ ಹೀಗೆ ತನಗರಿವಿಲ್ಲದೆ ಸೃಷ್ಟಿಸಿಬಿಡಬಲ್ಲದು. ಕನೂತರು ಟೆಕ್‌ಗೆ ಹೊಸ ಅಂಶಗಳನ್ನು ಸೇರಿಸುವುದನ್ನು ನಿಲ್ಲಿಸಿ, ದೋಷಗಳನ್ನು ತಿದ್ದಿದಾಗ ಮಾತ್ರ ಅದರ ಆವೃತ್ತಿಸಂಖ್ಯೆಯು ೩.೧೪, ೩.೧೪೧ ಎಂದು ಪೈ ಎಂಬ ಸಂಖ್ಯೆಯ ಕಡೆಗೆ ಒಂದೊಂದೇ ಅಂಕ ಬೆಳೆಯುವಂತೆ ಗೊತ್ತುಮಾಡಿರುವುದು, ಹಿಂದೆ ಜೋಡಿಸಿದ್ದು ಮುಂದೆಯೂ ಹಾಗೆಯೇ ಜೋಡಣೆಯಾಗಬೇಕೆಂಬ ಸಂಕಲ್ಪದಿಂದ. ಕೋಮಾ-ಸ್ಕ್ರಿಪ್ಟ್‌ನಲ್ಲಿಯೂ, ಇಂಥ ಆವೃತ್ತಿಯಂತೆಯೇ ಪುಟಗಳನ್ನು ಒಡೆಯಬೇಕೆಂದು ಪತ್ರದ ಮೂಲದಲ್ಲಿಯೇ ಬರೆದಿಡುವುದಕ್ಕೆ ಅವಕಾಶವುಂಟು. ಸಂಸ್ಥೆಯ ಫೈಲಿಗೂ ಅದೇ ಕ್ರಮವನ್ನು ಅನ್ವಯಿಸಿ, ಪ್ರತಿ ಬದಲಾವಣೆಗೂ ವರ್ಷವನ್ನು ಹೊತ್ತ ಹೊಸ ಹೆಸರನ್ನು ಕೊಟ್ಟು, ಹಳೆಯದನ್ನು ಅಳಿಸದೆ ಇಟ್ಟು, ಕಳುಹಿಸಿದ ಪ್ರತಿಯೊಂದು ಪತ್ರದ ಅಚ್ಚಾದ ರೂಪವನ್ನೂ ಮೂಲದೊಡನೆ ಕಡತಕ್ಕೆ ಸೇರಿಸುವ ಕಚೇರಿಗಳಲ್ಲಿ ಈ ತೊಂದರೆಯು ಹುಟ್ಟುವುದಿಲ್ಲ.